ಬಿತ್ತಿದ ಲೆಕ್ಕ ಬ್ಯಾರೆ, ರಾಶಿ ಲೆಕ್ಕ ಬ್ಯಾರೆ

ಆಟಿಕೆ ಕಾರು ಕೂಡಿಡುವ ಇಬ್ಬರು ಎಲ್ಲೇ ಭೇಟಿಯಾಗಲಿ, ಮೊದಲು ಬರುವ ಮಾತು ಒಂದೇ: "ಎಷ್ಟು ಪೀಸ್ ಮಾಡ್ಯಾರ?" ಕಡಿಮೆ ಅಂದರೆ ಕಣ್ಣು ಅರಳುತ್ತವೆ, ಲಕ್ಷ ಅಂದರೆ ಮುಖ ತಿರುಗುತ್ತದೆ. ಆದರೆ ಈ ಪುಟ್ಟ ಲೋಹದ ಕಾರುಗಳ ಇತಿಹಾಸ ತಿರುವಿ ನೋಡಿದರೆ, ಆ ಪ್ರಶ್ನೆಯೊಂದನ್ನೇ ನಂಬಿ ರೊಕ್ಕ ಹಾಕಬಾರದು ಅನ್ನೋದು ತಿಳಿಯುತ್ತದೆ. ನಮ್ಮ ಯಮನೂರು ಕಡೆಯ ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಬಿತ್ತಿದಿ ಅನ್ನೋದು ಒಂದು ಲೆಕ್ಕ, ಕಣದಾಗ ಎಷ್ಟು ರಾಶಿ ಆತು ಅನ್ನೋದು ಬ್ಯಾರೆ ಲೆಕ್ಕ. ನಡುವೆ ಮಳೆ ಐತಿ, ಹುಳ ಐತಿ, ಜಿಂಕೆ ಹಿಂಡು ಐತಿ.

ಮೊದಲು ಇವು ತಯಾರಾಗುವ ಬಗೆ ನೋಡೋಣ. ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ, ತಾಮ್ರ, ಚೂರು ಮೆಗ್ನೀಸಿಯಂ ಸೇರಿಸಿ ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸುತ್ತಾರೆ. ಆ ಅಚ್ಚಿಗೆ ಡೈ ಅಂತಾರೆ, ಅದಕ್ಕೇ ಡೈಕಾಸ್ಟ್ ಅನ್ನುವ ಹೆಸರು. ಅಚ್ಚು ಕೊರೆಯೋದು ಬಲು ದುಬಾರಿ. ಕೊರೆದಾದ ಮೇಲೆ ಎರಕ ಹೊಯ್ಯೋದು ಅಗ್ಗ. ಹಾಗಾಗಿ ಒಂದು ಅಚ್ಚಿನಿಂದ ಸಾವಿರ, ಲಕ್ಷ ಕಾರು ತೆಗೆದರಷ್ಟೇ ಕಂಪನಿಗೆ ಗಿಟ್ಟುತ್ತದೆ. ಕಡಿಮೆ ಮಾಡೋದು ಈ ಧಂದೆಯ ಸ್ವಭಾವದಲ್ಲೇ ಇರಲಿಲ್ಲ.

ಹಾಗಾದರೆ ಹಳೆಯವು ಯಾಕೆ ಸಿಗುತ್ತಿಲ್ಲ? ಮಕ್ಕಳು ಆಡಿದರು, ಅಷ್ಟೇ. ಮಣ್ಣಾಗ ಹುಗಿದರು, ಗೋಡೆಗೆ ಗುದ್ದಿಸಿದರು, ಗಾಲಿ ಕಿತ್ತರು. ಆಡದೆ ಉಳಿದದ್ದಕ್ಕೂ ಖಾತ್ರಿ ಇರಲಿಲ್ಲ. ಲಿವರ್‌ಪೂಲಿನ ಮೆಕ್ಯಾನೋ ಕಂಪನಿ 1930ರ ದಶಕದಲ್ಲಿ ಶುರು ಮಾಡಿದ ಡಿಂಕಿ ಟಾಯ್ಸ್‌ಗಳನ್ನೇ ನೋಡಿ. ಎರಕದಲ್ಲಿ ಸೀಸದಂಥ ಕಲ್ಮಶ ಬೆರೆತಿದ್ದರೆ ವರ್ಷ ಕಳೆದಂತೆ ಲೋಹ ತಾನೇ ಉಬ್ಬಿ, ಬಿರಿದು, ಕಡೆಗೆ ಪುಡಿಯಾಗುತ್ತದೆ. ಸಂಗ್ರಹಕಾರರು ಇದನ್ನ ಝಿಂಕ್ ಪೆಸ್ಟ್ ಅಂತಾರೆ. ಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿಗಳು ಹೀಗೆ ಕಪಾಟಿನಲ್ಲಿ ಕೂತಲ್ಲೇ ಸತ್ತವು. ಕಾರ್ಖಾನೆಯ ದಫ್ತರದಲ್ಲಿ ಸಂಖ್ಯೆ ಎಷ್ಟೇ ಇರಲಿ, ಲೋಕದಲ್ಲಿ ಉಳಿದ ಸಂಖ್ಯೆ ಬೇರೆಯೇ ಆಯಿತು.

ನಿಜವಾಗಿ ಕಡಿಮೆ ಮಾಡಿದವೂ ಇವೆ. ಅವೂ ಕಂಪನಿ ಎಣಿಸಿ ನಿಲ್ಲಿಸಿದವಲ್ಲ, ಸಂದರ್ಭ ನಿಲ್ಲಿಸಿದವು. ಲಂಡನ್ನಿನ ಲೆಸ್ನಿ ಕಂಪನಿ, ಅಂದರೆ ಮುಂದೆ ಮ್ಯಾಚ್‌ಬಾಕ್ಸ್ ಕಾರು ಮಾಡಿದವರೇ, ರಾಜಮನೆತನದ ಸಾರೋಟಿನ ಒಂದು ದೊಡ್ಡ ಮಾದರಿ ತಯಾರಿಸಿದ್ದರು. ಒಳಗೆ ರಾಜ, ರಾಣಿ ಇಬ್ಬರೂ ಕೂತಿದ್ದರು. 1952ರ ಫೆಬ್ರವರಿಯಲ್ಲಿ ಆರನೇ ಜಾರ್ಜ್ ತೀರಿಕೊಂಡ. 1953ರ ಪಟ್ಟಾಭಿಷೇಕ ಮಗಳದ್ದು. ಅಚ್ಚಿನಲ್ಲಿ ರಾಜನನ್ನ ತೆಗೆದು ರಾಣಿ ಒಬ್ಬಳನ್ನೇ ಉಳಿಸಿ ಮುಂದುವರಿಸಿದರು. ಇಬ್ಬರೂ ಇದ್ದ ಮೊದಲಿನ ಕೆಲವೇ ಕೆಲವು ಇವತ್ತು ಬಲು ವಿರಳ. ಅದೇ ಸಾರೋಟಿನ ಚಿಕ್ಕ ಮಾದರಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಆ ರೊಕ್ಕದ ಮೇಲೆಯೇ ಮ್ಯಾಚ್‌ಬಾಕ್ಸ್ ಎದ್ದು ನಿಂತಿತು.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 1965ರಲ್ಲಿ ಕಾರ್ಗಿ ಕಂಪನಿ ಜೇಮ್ಸ್ ಬಾಂಡ್‌ನ ಆ್ಯಸ್ಟನ್ ಮಾರ್ಟಿನ್ ತಂತು. ಗುಂಡಿ ಒತ್ತಿದರೆ ಒಳಗಿನ ಖಳ ಮೇಲಿನಿಂದ ಹಾರಿ ಬೀಳುತ್ತಿದ್ದ. ಲಕ್ಷ ಲಕ್ಷ ಮಾರಾಟವಾಯಿತು. ವಿರಳತೆ ಅನ್ನೋ ಮಾತೇ ಇಲ್ಲ. ಆದರೂ ಡಬ್ಬಿ, ಗುಟ್ಟಿನ ಸೂಚನೆಯ ಲಕೋಟೆ, ಹೆಚ್ಚುವರಿ ಖಳನ ಗೊಂಬೆ, ಎಲ್ಲ ಸೇರಿ ಇದ್ದರೆ ಇವತ್ತಿಗೂ ಒಳ್ಳೆ ಬೆಲೆ. ಯಾಕಂದರೆ ಕಾರು ಉಳಿದಿರಬಹುದು, ಆ ಬೆರಳಗಾತ್ರದ ಖಳ ಎಷ್ಟು ಮನೆಯ ಕಸದೊಳಗೆ ಹೋದನೋ!

ಜನ ಇಂಥವಕ್ಕೆ ದೊಡ್ಡ ಬೆಲೆ ಕೊಡೋದನ್ನ ಕಂಡ ಕಂಪನಿಗಳು ಒಂದು ಉಪಾಯ ಹೂಡಿದವು. ಸಂಖ್ಯೆಯನ್ನ ತಾವೇ ಡಬ್ಬಿ ಮೇಲೆ ಬರೆದರೆ? ಇಲ್ಲಿಂದ 'ಲಿಮಿಟೆಡ್ ಎಡಿಷನ್' ಅನ್ನುವ ಕಾಲ ಶುರು. ಲೆಸ್ನಿ 1982ರಲ್ಲಿ ದಿವಾಳಿಯಾದಾಗ ಅದರ ಪಾಲುದಾರನಾಗಿದ್ದ ಜಾಕ್ ಓಡೆಲ್ ತನ್ನ ಹೆಸರಿನ ಅಕ್ಷರ ಹಿಂದುಮುಂದು ಮಾಡಿ ಲೆಡೋ ಅನ್ನೋ ಹೊಸ ಕಂಪನಿ ಕಟ್ಟಿದ. ಹಳೇ ಕಾಲದ ವ್ಯಾನು, ಬಸ್ಸು, ಪಕ್ಕದಲ್ಲಿ ಚಹಾ ಕಂಪನಿಯದೋ ಪತ್ರಿಕೆಯದೋ ಜಾಹೀರಾತು. ಅಚ್ಚು ಒಂದೇ, ಬಣ್ಣ ಮತ್ತು ಬರಹ ಮಾತ್ರ ನೂರಾರು ಬಗೆ. ಹಲವು 'ಸೀಮಿತ'. ಜನ ಡಬ್ಬಿ ಬಿಚ್ಚದೆ ಜೋಪಾನ ಮಾಡಿದರು. ಎಲ್ಲರೂ ಜೋಪಾನ ಮಾಡಿದ್ದಕ್ಕೇ ಇವತ್ತು ಅವು ಬೇಕಾದಷ್ಟು ಸಿಗುತ್ತವೆ, ಬಹಳಷ್ಟಕ್ಕೆ ಕೊಂಡ ಬೆಲೆಯೂ ಬರೋದಿಲ್ಲ. ಮಕ್ಕಳು ಒಡೆಯಲಿ ಅಂತ ಮಾಡಿದ ಮ್ಯಾಚ್‌ಬಾಕ್ಸ್ ವಿರಳವಾಯಿತು, ಇಟ್ಟುಕೊಳ್ಳಲಿ ಅಂತ ಮಾಡಿದ ಲೆಡೋ ಅಗ್ಗವಾಯಿತು. ಎರಡರ ಹಿಂದೆಯೂ ಇದ್ದವ ಒಬ್ಬನೇ.

ಇನ್ನೊಂದು ಸಂಗತಿ ಕೇಳ್ರಿ. ಅಮೆರಿಕದ ಹಾಟ್ ವೀಲ್ಸ್ 1995ರಲ್ಲಿ ಟ್ರೆಷರ್ ಹಂಟ್ ಅನ್ನೋ 12 ಕಾರುಗಳ ಸರಣಿ ಬಿಟ್ಟಿತು. ಪ್ರತಿಯೊಂದೂ 10,000. ಸಂಖ್ಯೆಯೇ ಬೆಲೆ ಕಟ್ಟುವುದಾದರೆ ಹನ್ನೆರಡಕ್ಕೂ ಒಂದೇ ಬೆಲೆ ಇರಬೇಕಿತ್ತಲ್ಲ? ಇಲ್ಲ. ಅದರೊಳಗಿನ ಬಿಳಿ 1967ರ ಕಮಾರೋ ಉಳಿದೆಲ್ಲವನ್ನೂ ಹಿಂದೆ ಹಾಕಿತು. ಕಮಾರೋ ಅಮೆರಿಕದವರ ಮನಸ್ಸಿನ ಕಾರು. ಬೇಕು ಅನ್ನೋರು ಹತ್ತು ಸಾವಿರಕ್ಕಿಂತ ಬಹಳ ಹೆಚ್ಚು ಇದ್ದರು, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಬರೆಯೋದಕ್ಕೆ ಕಾರಣ ಇದೆ. ಹುಬ್ಬಳ್ಳಿಯಲ್ಲಿ ಓದುವ ನಮ್ಮ ಅಣ್ಣನ ಮಗ ಈ ವರ್ಷ ಹೆಸರು ಮಾರಿದ ರೊಕ್ಕದಾಗ ಮೂವತ್ತು ಸಾವಿರ ಕೇಳಿದ. ಡಬ್ಬಿ ಮೇಲೆ ನಂಬರ್ ಇರುವ ಕಾರುಗಳ ಒಂದು ಲಾಟ್ ಅವನಿಗೆ ಯಾರೋ ತೋರಿಸಿದ್ದರು.

"ಕಾಕಾ, ಹತ್ತು ಸಾವಿರ ಅಷ್ಟ ಮಾಡ್ಯಾರ. ಐದು ವರ್ಷದಾಗ ಮೂರು ಪಟ್ಟು ಆಗ್ತೈತಿ."

"ತಮ್ಮಾ, ಆ ಹತ್ತು ಸಾವಿರದಾಗ ಒಡದು ಹೋಗೂವು ಎಷ್ಟು?"

"ಯಾರ್ ಒಡೀತಾರ ಕಾಕಾ? ಎಲ್ಲಾರೂ ಸೀಲ್ ಬಿಚ್ಚದ ಇಡ್ತಾರ."

"ಹಂಗಾರ ಐದು ವರ್ಷದ ಮ್ಯಾಲೂ ಹತ್ತು ಸಾವಿರನ ಇರ್ತಾವಲ್ಲೋ. ಆಗ ಮಾರಾಕ ಬರೋರೂ ಅವರ ಎಲ್ಲಾರೂ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಕಡೆಗೆ ತನಗೆ ಮನಸ್ಸಿಗೆ ಬಂದ ಒಂದೇ ಕಾರು ಕೊಂಡ. ಉಳಿದ ರೊಕ್ಕ ಹಿಂಗಾರಿನ ಕಡಲೆ ಬಿತ್ತನೆಗೆ ಉಳಿಯಿತು.

ನಮ್ಮ ದೇಶದ ಕಾರುಗಳ ಕಥೆ ಇದಕ್ಕಿಂತ ಬೇರೆ. 1960ರ ದಶಕದ ಕೊನೆಗೆ ಡಿಂಕಿಯ ಕೆಲವು ಹಳೇ ಅಚ್ಚುಗಳು ಕಲ್ಕತ್ತಾಕ್ಕೆ ಬಂದವು. ಅಲ್ಲಿ ಹೊಯ್ದ ಕಾರುಗಳಿಗೆ ನಿಕ್ಕಿ ಟಾಯ್ಸ್ ಅಂತ ಹೆಸರು. ಜಾಗ್ವಾರ್, ಎಂಜಿಬಿ, ಸ್ಟ್ಯಾಂಡರ್ಡ್ ಮಿನಿಬಸ್ಸು. ತಳದಲ್ಲಿದ್ದ ಡಿಂಕಿ ಅನ್ನೋ ಹೆಸರನ್ನ ಅಳಿಸಿರುತ್ತಿದ್ದರು, ಬಣ್ಣ ದಪ್ಪಗೆ ಬಳಿದಿರುತ್ತಿದ್ದರು. ಮುಂದೆ 1980ರ ದಶಕದ ಕೊನೆಯಿಂದ ಲಿಯೋ ಹೆಸರಿನಲ್ಲಿ ಹಾಟ್ ವೀಲ್ಸ್ ಇಲ್ಲಿಯೇ ತಯಾರಾದವು, ಅಮೆರಿಕದಲ್ಲಿ ಬರದೇ ಇದ್ದ ಬಣ್ಣಗಳಲ್ಲಿ. ಇವುಗಳ ಡಬ್ಬಿ ಮೇಲೆ ನಂಬರ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಇವತ್ತು ಹೊರದೇಶದ ಸಂಗ್ರಹಕಾರರು ಇವನ್ನೇ ಹುಡುಕಿ ಹುಡುಕಿ ಕೊಳ್ಳುತ್ತಾರೆ. ಯಾಕಂದರೆ ಇಲ್ಲಿಯ ಮಕ್ಕಳು ಆಡಿ ಮುಗಿಸಿದ್ದರು. ಹುಬ್ಬಳ್ಳಿ ರೇಲ್ವೆಯಲ್ಲಿದ್ದ ನಮ್ಮ ಸೋದರಮಾವ ಕಲ್ಕತ್ತಾದಿಂದ ತಂದಿದ್ದ ನಿಕ್ಕಿ ಮಿನಿಬಸ್ಸೊಂದು ನವಲಗುಂದದ ಅವರ ಮನೆ ಅಟ್ಟದ ಮೇಲೆ ಸಿಕ್ಕಿತು. ಒಂದು ಗಾಲಿ ಇಲ್ಲ. ನನ್ನ ಕಪಾಟಿನಲ್ಲಿ ಅದರಷ್ಟು ಬೆಲೆಬಾಳುವ ವಸ್ತು ಇನ್ನೊಂದಿಲ್ಲ, ಮಾರೋ ಮಾತಂತೂ ಇಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ನಮ್ಮೂರ ರಾಜಾಬಾಗ ಸವಾರ ಜಾತ್ರೆಗೆ ಬಂದವರು ಆಟಿಕೆ ಅಂಗಡಿ ಸಾಲಿನಲ್ಲಿ ಮಕ್ಕಳ ಕೈಗೆ ಬಸ್ಸು, ಲಾರಿ ಕೊಡಿಸುತ್ತಾರೆ. ಬೆಣ್ಣೆಹಳ್ಳ ದಾಟಿ ಊರು ಮುಟ್ಟೋದರೊಳಗೆ ಅರ್ಧ ಮುರಿದಿರುತ್ತವೆ. ಅವುಗಳ ಲೆಕ್ಕ ಯಾರೂ ಇಡೋದಿಲ್ಲ, ಇಡಬೇಕು ಅಂತ ಯಾರಿಗೂ ಅನಿಸೋದೂ ಇಲ್ಲ. ಅದಕ್ಕೇ ಓದುಗರಲ್ಲಿ ಒಂದು ಮಾತು. ಅಟ್ಟದ ಮೇಲಿನ ಹಳೇ ಟ್ರಂಕು ಒಮ್ಮೆ ಇಳಿಸಿ ನೋಡ್ರಿ. ಕಾರು ಸಿಕ್ಕರೆ ತಿಕ್ಕಬೇಡಿ, ಹೊಸ ಬಣ್ಣ ಹಚ್ಚಬೇಡಿ, ಹಚ್ಚಿದರೆ ಅದರ ಬೆಲೆಯೂ ಹೋಯಿತು, ಗುರುತೂ ಹೋಯಿತು. ತಳದ ಬರಹ ಓದಿ. ಯಾರು ತಂದರು, ಎಲ್ಲಿಂದ ತಂದರು, ಯಾವ ಮಗು ಆಡಿತು ಅಂತ ಹಿರಿಯರನ್ನ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಕಂಪನಿ ಹಾಕದ ನಂಬರಿಗಿಂತ ಆ ಚೀಟಿಯೇ ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತದೆ.