ಸೋತ ಮುಷ್ಕರಗಳ ಗಳಿಕೆ

ಸ್ವತಂತ್ರ ಭಾರತದಲ್ಲಿ ಕೇಂದ್ರ ಸರ್ಕಾರಿ ನೌಕರರು ದೇಶದುದ್ದಕ್ಕೂ ಹೂಡಿದ ಮೂರು ದೊಡ್ಡ ಮುಷ್ಕರಗಳೂ ಸೋತವು. 1960ರದು ಐದು ದಿನಕ್ಕೆ ಕುಸಿಯಿತು. 1968ರದು ಒಂದೇ ದಿನದ ಸಾಂಕೇತಿಕ ಮುಷ್ಕರ. ಅದಕ್ಕೂ ಸರ್ಕಾರ ತೆರಿಸಿದ ಬೆಲೆ ದೊಡ್ಡದು. 1974ರ ರೈಲ್ವೆ ಮುಷ್ಕರ ಮೇ 8ರಿಂದ ಸುಮಾರು ಇಪ್ಪತ್ತು ದಿನ ನಡೆದು, ಒಂದು ಬೇಡಿಕೆಯೂ ಈಡೇರದೆ ವಾಪಸಾಯಿತು. ಮೂರು ಸಲವೂ ಸಂಘಗಳಿಗೆ ಆಗ ಸಿಕ್ಕಿದ್ದು ಜೈಲು, ವಜಾ ಆದೇಶ, ಮಾನ್ಯತೆ ರದ್ದು, ಇಷ್ಟೇ. ಆದರೆ ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ, ಸರ್ಕಾರದೊಂದಿಗೆ ಸಮನಾಗಿ ಕೂತು ಮಾತಾಡುವ ಸಮಾಲೋಚನಾ ಮಂಡಳಿ, ಹಬ್ಬಕ್ಕೆ ಬರುವ ಬೋನಸ್ಸು, ಇವೆಲ್ಲ ಎಲ್ಲಿಂದ ಬಂದವು ಎಂದು ಜಾಡು ಹಿಡಿದು ಹೋದರೆ ದಾರಿ ಮತ್ತೆ ಈ ಸೋಲುಗಳ ಬಾಗಿಲಿಗೇ ಮುಟ್ಟುತ್ತದೆ. ಕೆಲಸ ನಿಲ್ಲಿಸುವ ತಾಕತ್ತಿನಿಂದ ಸರ್ಕಾರಿ ನೌಕರರ ಸಂಘಗಳು ಹೆಚ್ಚೇನೂ ಗಳಿಸಲಿಲ್ಲ. ಸೋತ ಮೇಲೂ ಬೇಡಿಕೆಯನ್ನು ಕಡತದಿಂದ ಅಳಿಸಿಹಾಕಲು ಬಿಡದ ಹಟದಿಂದ ಗಳಿಸಿದವು ಎಂಬುದು ನನ್ನ ವಾದ.

ಇದಕ್ಕೆ ಕಾರಣ ಸರ್ಕಾರಿ ನೌಕರಿಯ ವಿಚಿತ್ರ ಸ್ಥಿತಿಯಲ್ಲೇ ಇದೆ. ಗಿರಣಿ ಕಾರ್ಮಿಕನ ಎದುರಿಗೆ ಮಾಲೀಕನಿದ್ದರೆ, ಇಬ್ಬರ ನಡುವೆ ಸರ್ಕಾರ ಎಂಬ ಮೂರನೆಯವನಿರುತ್ತಾನೆ. ಸರ್ಕಾರಿ ನೌಕರನಿಗೆ ಮಾಲೀಕನೂ ಅವನೇ, ಕಾನೂನು ಬರೆಯುವವನೂ ಅವನೇ, ಪೊಲೀಸರನ್ನು ಕಳಿಸುವವನೂ ಅವನೇ. ಸಂವಿಧಾನದ 310ನೇ ವಿಧಿ ಪ್ರಕಾರ ನೌಕರ ಸೇವೆಯಲ್ಲಿರುವುದು ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಇಚ್ಛೆ ಇರುವವರೆಗೆ. ಆ ಇಚ್ಛೆಗೆ 311ನೇ ವಿಧಿ ಲಗಾಮು ಹಾಕುತ್ತದೆ: ಆರೋಪ ತಿಳಿಸದೆ, ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಆದರೆ ಅದೇ ವಿಧಿಯ ಕೆಳಗೆ ಒಂದು ಕಳ್ಳಕಿಂಡಿಯೂ ಇದೆ. ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲ ಎಂದು ಅಧಿಕಾರಿ ಕಾರಣ ಬರೆದಿಟ್ಟರೆ ವಿಚಾರಣೆಯೇ ಬೇಡ. ಈ ಅಧಿಕಾರವನ್ನು ಸುಪ್ರೀಂ ಕೋರ್ಟು 1985ರ ತುಳಸಿರಾಮ್ ಪಟೇಲ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಒಟ್ಟಿನಲ್ಲಿ ಕಾನೂನು ಕಾಯುವುದು ಒಬ್ಬೊಬ್ಬ ನೌಕರನನ್ನು, ಅದೂ ಒಂದು ಮಿತಿಯವರೆಗೆ. ಸಂಬಳ ಸಾಲದು, ಪಾಳಿ ದೀರ್ಘವಾಯಿತು ಎಂದು ಸಾವಿರಾರು ಜನ ಒಟ್ಟಾಗಿ ಹೇಳಬೇಕಾದಾಗ ಅದರಲ್ಲಿ ಏನೂ ಸಿಗದು. ಸಂಘದ ಕೆಲಸ ಶುರುವಾಗುವುದು ಅಲ್ಲಿಂದ.

1957ರಲ್ಲಿ ಅಂಚೆ ನೌಕರರು ಮುಷ್ಕರದ ನೋಟಿಸು ಕೊಟ್ಟ ಹೊತ್ತಿನಲ್ಲೇ ಸರ್ಕಾರ ಎರಡನೇ ವೇತನ ಆಯೋಗವನ್ನು ನೇಮಿಸಿತು, ಮುಷ್ಕರ ನಡೆಯಲಿಲ್ಲ. ಅದೇ ವರ್ಷ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತ್ತು. ಕನಿಷ್ಠ ವೇತನವೆಂದರೆ ಒಂದು ಸಂಸಾರದ ಊಟ, ಬಟ್ಟೆ, ಮನೆಯ ಖರ್ಚನ್ನು ಲೆಕ್ಕಹಾಕಿ ನಿಗದಿ ಮಾಡಬೇಕಾದದ್ದು ಎಂಬುದು ಅದರ ತಿರುಳು. ಆ ಲೆಕ್ಕದಲ್ಲಿ ತಿಂಗಳಿಗೆ 125 ರೂಪಾಯಿ ಆಗುತ್ತಿತ್ತು. ವೇತನ ಆಯೋಗ 1959ರಲ್ಲಿ ವರದಿ ಕೊಟ್ಟಾಗ ಕನಿಷ್ಠ ಸಂಬಳವನ್ನು 80 ರೂಪಾಯಿಗೆ ನಿಲ್ಲಿಸಿತು. ಖಾಸಗಿ ಮಾಲೀಕರಿಗೆ ಬೋಧಿಸಲು ಸರ್ಕಾರವೂ ಸೇರಿ ಒಪ್ಪಿದ ಸೂತ್ರ ಸ್ವಂತ ಜವಾನನ ವಿಷಯ ಬಂದಾಗ ದುಬಾರಿಯಾಯಿತು. 1960ರ ಜುಲೈ 11ರ ಮಧ್ಯರಾತ್ರಿ ಅಂಚೆ, ರೈಲ್ವೆ, ರಕ್ಷಣಾ ಕಾರ್ಖಾನೆ, ಲೆಕ್ಕಪತ್ರ ಕಚೇರಿಗಳ ನೌಕರರು ಕೆಲಸ ಬಿಟ್ಟರು. ಅಷ್ಟರಲ್ಲಿ ಅಗತ್ಯ ಸೇವೆಗಳ ಸುಗ್ರೀವಾಜ್ಞೆ ಹೊರಬಿದ್ದಿತ್ತು. ಜುಲೈ 16ರ ಹೊತ್ತಿಗೆ ಮುಷ್ಕರ ಮುಗಿದಿತ್ತು. ಸಂಘಗಳ ಮಾನ್ಯತೆ ಹೋಗಿತ್ತು.

ಸೋಲಿನ ಗಳಿಕೆ ಕಾಣಿಸಿಕೊಂಡದ್ದು ಮೊದಲು ನ್ಯಾಯಾಲಯದಲ್ಲಿ. ಮೆರವಣಿಗೆ, ಪ್ರದರ್ಶನಗಳಲ್ಲಿ ನೌಕರರು ಭಾಗವಹಿಸಲೇಬಾರದು ಎಂಬ ಬಿಹಾರದ ನಡತೆ ನಿಯಮವನ್ನು ಸುಪ್ರೀಂ ಕೋರ್ಟು 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ರದ್ದುಪಡಿಸಿತು. ಮುಷ್ಕರದ ಮೇಲಿನ ನಿಷೇಧವನ್ನು ಮಾತ್ರ ಉಳಿಸಿತು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ಸರ್ಕಾರ ಮಾನ್ಯತೆ ಕೊಡದ ಸಂಘದಲ್ಲಿ ನೌಕರ ಇರಬಾರದು ಎಂಬ ನಿಯಮವನ್ನೂ ತೆಗೆದುಹಾಕಿತು. ಮಾನ್ಯತೆಯ ಹಗ್ಗ ಸರ್ಕಾರದ ಕೈಯಲ್ಲೇ ಉಳಿಯಿತು, ಆದರೆ ಅದರಿಂದ ಸಂಘದ ಕತ್ತು ಹಿಸುಕುವಂತಿರಲಿಲ್ಲ. 1966ರಲ್ಲಿ ತುಟ್ಟಿಭತ್ಯೆಗೆಂದೇ ಗಜೇಂದ್ರಗಡಕರ್ ಆಯೋಗ ಕೂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ವಿಟ್ಲಿ ಮಂಡಳಿಗಳ ಮಾದರಿಯಲ್ಲಿ ಜಂಟಿ ಸಮಾಲೋಚನಾ ವ್ಯವಸ್ಥೆ ಶುರುವಾಯಿತು. ವೇತನ ಮತ್ತು ಭತ್ಯೆ, ವಾರದ ಕೆಲಸದ ಅವಧಿ, ರಜೆ, ಈ ವಿಷಯಗಳಲ್ಲಿ ಒಮ್ಮತ ಬಾರದಿದ್ದರೆ ಕಡ್ಡಾಯ ಪಂಚಾಯ್ತಿಗೆ ಒಪ್ಪಿಸಬೇಕೆಂದು ನಿಶ್ಚಯವಾಯಿತು. ಪಂಚಾಯ್ತಿಯ ತೀರ್ಪಿನ ಮೇಲೆ ಕೊನೆಯ ಮಾತು ಸಂಸತ್ತಿನದು. ವಿವಾದ ಬಗೆಹರಿಸಲು ಕಾಯಂ ವ್ಯವಸ್ಥೆ ಬೇಕೆಂಬುದು 1960ರಲ್ಲಿ ಸೋತವರ ಬೇಡಿಕೆಗಳಲ್ಲೊಂದಾಗಿತ್ತು. ಎರಡೇ ವರ್ಷದಲ್ಲಿ ಈ ವ್ಯವಸ್ಥೆಯ ಮಿತಿಯೂ ಬಯಲಾಯಿತು. ಅದೇ ಹಳೆಯ ಕನಿಷ್ಠ ವೇತನದ ಪ್ರಶ್ನೆಯನ್ನು ಪಂಚಾಯ್ತಿಗೆ ಒಪ್ಪಿಸಲು ಸರ್ಕಾರ ನಿರಾಕರಿಸಿತು. ಅದರ ಫಲ 1968ರ ಸೆಪ್ಟೆಂಬರ್ 19ರ ಮುಷ್ಕರ. ಪಠಾಣ್‌ಕೋಟ್‌ನಲ್ಲಿ ಗೋಲಿಬಾರಾಗಿ ರೈಲ್ವೆ ಕಾರ್ಮಿಕರು ಸತ್ತರು. ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ, ಇಂದು ಎಲ್ಲರ ಬಾಯಲ್ಲೂ ಇರುವ ‘ಎಸ್ಮಾ’ ಕಾಯ್ದೆ ಆ ವರ್ಷದ ಕೂಸು.

1974ರ ಕಥೆ ಇನ್ನೂ ದೊಡ್ಡದು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಟ್ಯಾಕ್ಸಿ ಚಾಲಕರನ್ನೂ ಪಾಲಿಕೆ ನೌಕರರನ್ನೂ ಸಂಘಟಿಸಿ ಬೆಳೆದ ಜಾರ್ಜ್ ಫರ್ನಾಂಡಿಸ್ ಹಿಂದಿನ ವರ್ಷವಷ್ಟೇ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷರಾಗಿದ್ದರು. ಎಂಜಿನ್ ಓಡಿಸುವವರ ಪಾಳಿಗೆ ಆಗ ಮೊದಲೂ ಇಲ್ಲ ತುದಿಯೂ ಇಲ್ಲ ಎಂಬ ಸ್ಥಿತಿ. ಅವರು 1973ರಲ್ಲಿ ಮುಷ್ಕರ ಹೂಡಿ ಹತ್ತು ಗಂಟೆಯ ಪಾಳಿಯ ಭರವಸೆ ಪಡೆದಿದ್ದರು. ಅದು ಜಾರಿಗೆ ಬರದ ಸಿಟ್ಟು ಕುದಿಯುತ್ತಿತ್ತು. ಬೋನಸ್ಸಿನದು ಬೇರೆ ತಕರಾರು. 1965ರ ಬೋನಸ್ ಕಾಯ್ದೆ ಕಾರ್ಖಾನೆ ಕಾರ್ಮಿಕರಿಗೆ ಕೊಟ್ಟದ್ದನ್ನು ಸರ್ಕಾರಿ ಇಲಾಖೆಗಳು ಕೊಡಬೇಕಿರಲಿಲ್ಲ. ಸರ್ಕಾರಿ ಉದ್ದಿಮೆಯ ಕಾರ್ಮಿಕನಿಗೆ ಸಿಗುವ ಬೋನಸ್ಸು ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್‌ಗೆ ಏಕಿಲ್ಲ ಎಂಬ ಪ್ರಶ್ನೆಗೆ, ಅವನು ಇಲಾಖೆಯವನು ಎಂಬುದರ ಹೊರತು ಉತ್ತರವಿರಲಿಲ್ಲ. ಮಾತುಕತೆ ನಡೆದಿದ್ದಾಗಲೇ ಮೇ 2ರಂದು ಫರ್ನಾಂಡಿಸರನ್ನು ಲಖನೌದಲ್ಲಿ ಬಂಧಿಸಿದರು. ಸುಮಾರು 17 ಲಕ್ಷ ಕಾಯಂ ನೌಕರರಿದ್ದ ಇಲಾಖೆಯಲ್ಲಿ ಸಾವಿರಾರು ಜನ ಜೈಲು ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಕ್ವಾರ್ಟರ್ಸಿನಿಂದ ಹೆಂಡತಿ ಮಕ್ಕಳ ಸಮೇತ ಹೊರಹಾಕಿದ ಪ್ರಸಂಗಗಳೂ ನಡೆದವು. ಇಷ್ಟೆಲ್ಲ ಆಗಿ ಮುಷ್ಕರ ಮುರಿದುಬಿತ್ತು. 1977ರಲ್ಲಿ ಜನತಾ ಸರ್ಕಾರ ಬಂದಾಗ ವಜಾ ಆದವರು ಕೆಲಸಕ್ಕೆ ಮರಳಿದರು. 1979ರಲ್ಲಿ ಚರಣ್ ಸಿಂಗ್ ಸರ್ಕಾರ ರೈಲ್ವೆ ನೌಕರರಿಗೆ ಉತ್ಪಾದಕತೆಗೆ ತಳಕು ಹಾಕಿದ ಬೋನಸ್ಸನ್ನು ಕೊಟ್ಟಿತು.

ಇಲ್ಲಿ ಒಂದು ಆಕ್ಷೇಪ ಸಹಜ. ಸರ್ಕಾರ ಬದಲಾಯಿತು, ಬೋನಸ್ಸು ಬಂತು. ಅದು ಚುನಾವಣೆಯ ಫಲವೇ ಹೊರತು ಮುಷ್ಕರದ್ದಲ್ಲ ಎನ್ನಬಹುದು. ಈ ಮಾತಿನಲ್ಲಿ ನಿಜವಿದೆ. ತುರ್ತು ಪರಿಸ್ಥಿತಿ ಬಾರದಿದ್ದರೆ, ಅದರ ಬೆನ್ನಿಗೆ ಕಾಂಗ್ರೆಸ್ ಸೋಲದಿದ್ದರೆ, ವಜಾ ಆದವರು ಎಷ್ಟು ವರ್ಷ ಕಾಯಬೇಕಾಗುತ್ತಿತ್ತೋ. ಆದರೆ ಹೊಸ ಸರ್ಕಾರ ಏನನ್ನು ಕೊಡಬೇಕು ಎಂಬ ಪಟ್ಟಿ ಎಲ್ಲಿಂದ ಬಂತು? ಬೋನಸ್ಸು 1974ರಲ್ಲಿ ಹೆಸರು ಹಿಡಿದು ಕೇಳಿದ ಬೇಡಿಕೆ. ಐದು ವರ್ಷದ ನಂತರ ಬೊಕ್ಕಸದ ಮೇಲಿನ ಹೊರೆ ಹಗುರಾಗಿರಲಿಲ್ಲ. ಬದಲಾಗಿದ್ದದ್ದು ಬೇಡಿಕೆಯನ್ನು ಅನ್ಯಾಯದ್ದೆಂದು ತಳ್ಳಿಹಾಕುವ ಧೈರ್ಯ. ಚುನಾವಣೆ ಬಾಗಿಲು ತೆರೆಯಿತು, ನಿಜ. ಆ ಬಾಗಿಲ ಮುಂದೆ ಐದು ವರ್ಷ ಕದಲದೆ ನಿಂತದ್ದು ಸಂಘ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸರ್ಕಾರಿ ನೌಕರ ಕೆಲಸ ನಿಲ್ಲಿಸಿದರೆ ಪೆಟ್ಟು ಬೀಳುವುದು ಮಂತ್ರಿಗಲ್ಲ, ಆಸ್ಪತ್ರೆಗೆ ಬಂದ ಬಡವನಿಗೆ, ಪರೀಕ್ಷೆಗೆ ಕೂರಬೇಕಾದ ಮಗುವಿಗೆ. 2003ರಲ್ಲಿ ತಮಿಳುನಾಡು ಸರ್ಕಾರ ಮುಷ್ಕರನಿರತ ಸುಮಾರು 1.7 ಲಕ್ಷ ನೌಕರರನ್ನು ಒಟ್ಟಿಗೆ ವಜಾ ಮಾಡಿದಾಗ ಸುಪ್ರೀಂ ಕೋರ್ಟು ಈ ತರ್ಕವನ್ನೇ ಮುಂದಿಟ್ಟು, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ನೈತಿಕ ಹಕ್ಕೂ ಇಲ್ಲ ಎಂದಿತು. ಕೊನೆಗೆ ಬಹುಪಾಲು ಜನ ಕ್ಷಮಾಪಣೆ ಬರೆದುಕೊಟ್ಟು ಕೆಲಸಕ್ಕೆ ಮರಳಿದರು. ಸಾರ್ವಜನಿಕರ ತೊಂದರೆ ಸುಳ್ಳಲ್ಲ. ಮುಷ್ಕರವನ್ನು ನಿಷೇಧಿಸುವುದು ನ್ಯಾಯವೇ ಇರಬಹುದು, ಆದರೆ ಅದರ ಬದಲಿಗೆ ಸರ್ಕಾರ ತಪ್ಪಿಸಿಕೊಳ್ಳಲಾಗದ ಪಂಚಾಯ್ತಿ ಇರಬೇಕು. 1968ರಲ್ಲಿ ಸರ್ಕಾರವೇ ತಾನು ಕಟ್ಟಿದ ಪಂಚಾಯ್ತಿಯಿಂದ ನುಣುಚಿಕೊಂಡಿತು ಎಂಬುದನ್ನು ಮರೆತು ನೌಕರರಿಗೆ ಮಾತ್ರ ನೀತಿ ಹೇಳುವುದು ನನಗೆ ಒಪ್ಪಿತವಲ್ಲ. ಸಂಘಗಳು ಸೋಮಾರಿಗಳನ್ನೂ ಲಂಚಕೋರರನ್ನೂ ಕಾಯುತ್ತವೆ ಎಂಬ ದೂರಿಗೆ ಅರ್ಧ ತಲೆಬಾಗಬೇಕು. 311ನೇ ವಿಧಿ ಕೇಳುವುದು ವಿಚಾರಣೆಯನ್ನು, ಖುಲಾಸೆಯನ್ನಲ್ಲ. ವಿಚಾರಣೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದರೆ ತಪ್ಪು ಇಲಾಖೆಯದು. ಆದರೆ ತಮ್ಮ ಸದಸ್ಯರ ಲಂಚದ ವಿರುದ್ಧ ಸಂಘಗಳು ದನಿ ಎತ್ತಿದ್ದೂ ಅಪರೂಪವೇ.

ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. ಕರ್ನಾಟಕದ ಸರ್ಕಾರಿ ನೌಕರರ ಸಂಘ 2023ರ ಮಾರ್ಚ್ 1ರಂದು ಅನಿರ್ದಿಷ್ಟ ಮುಷ್ಕರಕ್ಕೆ ಇಳಿದಾಗ ಸರ್ಕಾರ ಅದೇ ದಿನ ಶೇ 17ರ ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರವೂ ಅದೇ ದಿನ ನಿಂತಿತು. ವಿಧಾನಸಭಾ ಚುನಾವಣೆ ಹತ್ತಿರದಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಐದು ದಿನಕ್ಕೆ ಸೋತವರ ವಾರಸುದಾರರು ಒಂದು ಬೆಳಗಿನಲ್ಲಿ ಗೆಲ್ಲುವಷ್ಟು ಬಲಿತಿದ್ದರು. ಆದರೆ ಆ ಬಲ ಕಾಯಂ ನೌಕರರ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರದು. ಹೊರಗೆ ದಿನಗೂಲಿಯವರು, ಗುತ್ತಿಗೆಯವರು, ಗೌರವಧನದವರು ಹೆಚ್ಚುತ್ತ ಹೋಗಿದ್ದರು. ದಿನಗೂಲಿಯವರಿಗೆ ಕಾಯಮಾತಿಯ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದ 2006ರ ಉಮಾದೇವಿ ತೀರ್ಪು ಹುಟ್ಟಿದ್ದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ಪ್ರಕರಣದಿಂದಲೇ. ಬೆಂಗಳೂರಿನ ಪೌರಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತ ಹೆಂಗಸರು, ಗುತ್ತಿಗೆದಾರನ ಕೈಯಿಂದ ಸಂಬಳ ಪಡೆಯುತ್ತ ವರ್ಷಗಳನ್ನು ಕಳೆದರು. ಅವರಿಗೆ ಸಮಾಲೋಚನಾ ಮಂಡಳಿಯಲ್ಲಿ ಕುರ್ಚಿಯಿರಲಿಲ್ಲ, 311ನೇ ವಿಧಿಯೂ ತಾಕುತ್ತಿರಲಿಲ್ಲ. ಅವರು ತಮ್ಮದೇ ಸಂಘ ಕಟ್ಟಿ, ಕನಿಷ್ಠ ವೇತನ, ಭವಿಷ್ಯನಿಧಿಗಳನ್ನು ಒಂದೊಂದಾಗಿ ಕೇಳುತ್ತ 2017ರ ಹೊತ್ತಿಗೆ ಗುತ್ತಿಗೆದಾರನನ್ನು ದಾಟಿ ಪಾಲಿಕೆಯಿಂದ ನೇರ ಸಂಬಳ ಪಡೆಯುವಂತಾದರು. 2022ರ ಜುಲೈನ ಮುಷ್ಕರದ ನಂತರ ಸರ್ಕಾರ ಕಾಯಮಾತಿಗೆ ಒಪ್ಪಿತು. 2025ರ ಮೇ ದಿನದಂದು 12 ಸಾವಿರಕ್ಕೂ ಹೆಚ್ಚು ಜನರಿಗೆ ನೇಮಕಾತಿ ಪತ್ರ ಸಿಕ್ಕಿತು. 2022ರ ಆ ತೀರ್ಮಾನ ರಸ್ತೆ ಗುಡಿಸುವವರಿಗೆ ಸಂಬಂಧಿಸಿದ್ದು. ಅವರು ಗುಡಿಸಿದ್ದನ್ನು ಹೊತ್ತೊಯ್ಯುವ ಆಟೊ ಟಿಪ್ಪರುಗಳ ಚಾಲಕರೂ ಲೋಡರುಗಳೂ ಆಗ ಗುತ್ತಿಗೆಯಲ್ಲೇ ಉಳಿದರು.