ಸಿರಿಧಾನ್ಯಕ್ಕೆ ವಿಶ್ವಸಂಸ್ಥೆ ಕೊಟ್ಟಿದ್ದು ಔಷಧದ ಸರ್ಟಿಫಿಕೇಟಾ?

ಸಿರಿಧಾನ್ಯ ತಿಂದರೆ ಶುಗರ್ ವಾಸಿಯಾಗುತ್ತದೆ, ಅದಕ್ಕೇ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಘೋಷಿಸಿತು ಎನ್ನುವ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು.

ಚುಟುಕು ಉತ್ತರ: ವರ್ಷ ಘೋಷಣೆಯಾಗಿದ್ದು ನಿಜ. ಆದರೆ ಅದು ವೈದ್ಯಕೀಯ ಪ್ರಮಾಣಪತ್ರವಲ್ಲ, ನಮ್ಮ ಸರ್ಕಾರವೇ ಕೇಳಿ ಪಡೆದ ಪ್ರಚಾರದ ಅವಕಾಶ.

ಘೋಷಣೆ ಆಗಿದ್ದು ಹೇಗೆ?

ಇಂಥ ವರ್ಷಗಳನ್ನು ಸದಸ್ಯ ದೇಶಗಳು ಪ್ರಸ್ತಾಪಿಸುತ್ತವೆ. 2008ರ ಆಲೂಗಡ್ಡೆ ವರ್ಷ ಪೆರು ದೇಶದ ಪ್ರಸ್ತಾವ, 2013ರ ಕಿನೋವಾ ವರ್ಷ ಬೊಲಿವಿಯಾದ್ದು. ಸಿರಿಧಾನ್ಯ ವರ್ಷದ ನಿರ್ಣಯವನ್ನು ಮುಂದಿಟ್ಟಿದ್ದು ಭಾರತ. 70ಕ್ಕೂ ಹೆಚ್ಚು ದೇಶಗಳು ಬೆಂಬಲಿಸಿ, 2021ರ ಮಾರ್ಚ್‌ನಲ್ಲಿ ಅದು ಅಂಗೀಕಾರವಾಯಿತು.

ಸರ್ಕಾರಕ್ಕೆ ಇದರಿಂದೇನು?

ಹೊರದೇಶದ ಜನರ ಮನಸ್ಸಿನಲ್ಲಿ ಒಳ್ಳೆಯ ಹೆಸರು, ನಮ್ಮ ಬೆಳೆಗೆ ಮಾರುಕಟ್ಟೆ. ಇದನ್ನು ಸಾರ್ವಜನಿಕ ರಾಜತಾಂತ್ರಿಕತೆ ಎನ್ನುತ್ತಾರೆ. 2023ರ ಜೂನ್‌ನಲ್ಲಿ ಪ್ರಧಾನಿಗೆ ಶ್ವೇತಭವನದಲ್ಲಿ ಕೊಟ್ಟ ಔತಣದಲ್ಲಿ ಸಿರಿಧಾನ್ಯದ ಸಲಾಡ್ ಇತ್ತು. ಸೆಪ್ಟೆಂಬರ್‌ನಲ್ಲಿ ದೆಹಲಿಯ ಜಿ20 ಔತಣದಲ್ಲೂ ಸಿರಿಧಾನ್ಯ ಬಡಿಸಿದರು. ಕರ್ನಾಟಕ ಸರ್ಕಾರ 2018ರಲ್ಲೇ ಬೆಂಗಳೂರಿನಲ್ಲಿ ಸಾವಯವ ಮತ್ತು ಸಿರಿಧಾನ್ಯಗಳ ಅಂತಾರಾಷ್ಟ್ರೀಯ ಮೇಳ ನಡೆಸಿತ್ತು. ಇದರಲ್ಲಿ ತಪ್ಪೇನಿಲ್ಲ, ಎಲ್ಲ ದೇಶಗಳೂ ಮಾಡುತ್ತವೆ. ಆದರೆ ಪ್ರಚಾರ ಒಳ್ಳೆಯದನ್ನಷ್ಟೇ ಎತ್ತಿ ಹೇಳುತ್ತದೆ. ಹೊರದೇಶದವರಿಗಾಗಿ ಹೇಳಿದ ಮಾತು ವಾಟ್ಸಾಪ್‌ನಲ್ಲಿ ಊರಿಗೆ ವಾಪಸಾಗುವಾಗ ‘ಒಳ್ಳೆಯ ಆಹಾರ’ ಹೋಗಿ ‘ಔಷಧ’ ಆಗಿರುತ್ತದೆ.

ಹಾಗಾದರೆ ಶುಗರ್‌ಗೆ ಒಳ್ಳೆಯದಲ್ಲವೇ?

ಒಳ್ಳೆಯದೇ, ಮಿತಿಯೊಳಗೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿ 2021ರಲ್ಲಿ ಬಂತು. ದಿನವೂ ಸಿರಿಧಾನ್ಯ ತಿಂದ ಮಧುಮೇಹಿಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸುಮಾರು 12%, ಊಟದ ನಂತರದ್ದು ಸುಮಾರು 15% ಇಳಿದಿತ್ತು ಎಂದು ಅದು ಹೇಳಿತು. ಇಕ್ರಿಸ್ಯಾಟ್ ಕೂಡ ಸಿರಿಧಾನ್ಯ ಬಳಕೆಗೆ ಪ್ರಚಾರ ಮಾಡುವ ಸಂಸ್ಥೆ ಎಂಬುದು ನೆನಪಿರಲಿ. ಸಕ್ಕರೆ ಇಳಿಯುವುದು ಬೇರೆ, ಕಾಯಿಲೆ ವಾಸಿಯಾಗುವುದು ಬೇರೆ.

ಅಡುಗೆಯ ರೀತಿಯೂ ಮುಖ್ಯ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಇಡೀ ಕಾಳಿನ ಅನ್ನಕ್ಕಿಂತ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಹಾಗಂತ ಎರಡು ಮುದ್ದೆ ಜಾಸ್ತಿ ತಿಂದರೆ ಪಿಷ್ಟವೂ ಜಾಸ್ತಿಯೇ.

ನಮ್ಮ ರೈತರಿಗೆ?

ಜವನಗೊಂಡನಹಳ್ಳಿ ಕಡೆಯ ರಾಗಿ, ಹೊಸದುರ್ಗದ ಸಾಮೆ, ನವಣೆ ನಮಗೇನೂ ಹೊಸದಲ್ಲ. ಜಗತ್ತು ಹೊಗಳಿದ ತಕ್ಷಣ ಇವಕ್ಕೆ ಬೆಲೆ ಬರುವುದಿಲ್ಲ. 2023-24ರ ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ರಾಗಿಗೆ ಕ್ವಿಂಟಲ್‌ಗೆ 3,846 ರೂಪಾಯಿ ಇತ್ತು. ಜೋಳ, ಸಜ್ಜೆಯೂ ಇದ್ದವು. ಸಾಮೆ, ನವಣೆ ಇರಲಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

- ‘ವಿಶ್ವಸಂಸ್ಥೆ ಹೇಳಿದೆ’ ಎಂದಿದ್ದರೆ, ಪ್ರಸ್ತಾಪಿಸಿದ ದೇಶ ಯಾವುದು ನೋಡಿ.
- ‘ಒಳ್ಳೆಯದು’ ಎನ್ನುವ ಮಾತು ‘ವಾಸಿ ಮಾಡುತ್ತದೆ’ ಎಂದು ಬದಲಾಗಿದೆಯೇ ಗಮನಿಸಿ.
- ‘ಮಾತ್ರೆ ಬಿಡಿ’ ಎಂದಿದ್ದರೆ ಅಲ್ಲೇ ನಿಲ್ಲಿಸಿ. ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟರೆ ಕಣ್ಣು, ಮೂತ್ರಪಿಂಡ, ಪಾದಗಳಿಗೆ ಅಪಾಯ.

ಮುದ್ದೆ ಉಣ್ಣಿ, ನವಣೆ ಅನ್ನ ಮಾಡಿ. ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.