ಕೊಡುವ ಕೈ, ಕಾಯುವ ಕೈ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ನಡುವೆ ಮಸ್ಕಿ ಇದೆ. ಬಸ್ಸು ಅಲ್ಲಿ ನಿಂತಾಗ ನೀವು ಚಹಾ ಕುಡಿದು ಮುಂದಕ್ಕೆ ಹೋಗಿರಬಹುದು. ಇನ್ನೊಮ್ಮೆ ಹೋದಾಗ ಒಂದು ಗಳಿಗೆ ಬಿಡುವು ಮಾಡಿಕೊಂಡು ಅಲ್ಲಿಯ ಗುಡ್ಡದ ಬಂಡೆಯನ್ನು ನೋಡಿ ಬನ್ನಿರಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಬಂಡೆ ಅದು. ಅಲ್ಲಿಯವರೆಗೆ ಓದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ದೊರೆತಿದ್ದುವು. ಆ ದೇವಾನಾಂಪ್ರಿಯನು ಅಶೋಕನೇ ಎಂದು ಹೆಸರು ಹೇಳಿ ತಿಳಿಸಿದ್ದು ನಮ್ಮ ಮಸ್ಕಿಯ ಕಲ್ಲು.

ಹೆಸರಿನ ಸಂಗತಿ ಎಲ್ಲರಿಗೂ ಗೊತ್ತು. ಆದರೆ ಆ ಕಲ್ಲು ಹೇಳುವ ಮಾತೇನು ಎಂದು ಕೇಳುವವರು ವಿರಳ. ಧರ್ಮದ ಫಲವು ದೊಡ್ಡವರಿಗಷ್ಟೇ ಮೀಸಲೆಂದು ತಿಳಿಯಬಾರದು, ಶ್ರದ್ಧೆಯಿಂದ ನಡೆದರೆ ಅಲ್ಪನಾದವನೂ ಅದನ್ನು ಪಡೆಯಬಲ್ಲನು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು — ಇದು ಅದರ ಸಾರ. ರಾಜನೊಬ್ಬನು ಬಡವನನ್ನೂ ಧರ್ಮದ ಪಾಲುಗಾರನೆಂದು ಕರೆದ ಮಾತು ಇದು. ದಾನದ ಚರಿತ್ರೆಯನ್ನು ಇಲ್ಲಿಂದಲೇ ಮೊದಲುಮಾಡಬೇಕೆಂದು ನನಗೆ ತೋರುತ್ತದೆ.

ಅಶೋಕನು ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದ, ಬಾವಿಗಳನ್ನು ತೋಡಿಸಿದ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಎಂದು ಅವನ ಬೇರೆ ಶಾಸನಗಳು ಹೇಳುತ್ತವೆ. ಅದು ದೊರೆಯ ಕೆಲಸವಾಯಿತು. ಸಾಮಾನ್ಯರ ಕೆಲಸವನ್ನು ಕಾಣಬೇಕಾದರೆ ನಮ್ಮ ಕನ್ನಡ ಶಾಸನಗಳನ್ನು ಓದಬೇಕು. 1027ರ ಚಾಲುಕ್ಯ ಶಾಸನವು ಇದೇ ಮಸ್ಕಿಯನ್ನು ‘ಪಿರಿಯ ಮೊಸಂಗಿ’ ಎಂದು ಕರೆದು, ರಾಜಧಾನಿಯೆಂದು ಹೇಳುತ್ತದೆ. ಆ ಶತಮಾನಗಳ ದಾನಶಾಸನಗಳಲ್ಲಿ ಅರಸರು, ದಂಡನಾಯಕರು ಮತ್ತರುಗಟ್ಟಲೆ ಭೂಮಿ ಬಿಟ್ಟ ಸಂಗತಿ ಇರುವಂತೆಯೇ, ಗಾಣಿಗರು ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಎಲೆಯವರು ಹೇರಿಗೆ ಇಷ್ಟು ವೀಳ್ಯದೆಲೆ, ವ್ಯಾಪಾರಿಗಳು ಸರಕಿಗೆ ಒಂದು ಹಾಗ ಎಂದು ತಮ್ಮಲ್ಲಿ ತಾವೇ ಕಟ್ಟು ಮಾಡಿಕೊಂಡು ಕೊಟ್ಟ ಸಂಗತಿಯೂ ಇದೆ. ಸೊಲ್ಲಗೆ ಎಂದರೆ ಎಷ್ಟು ಮಹಾ! ಆದರೆ ದಿನವೂ ತಪ್ಪದೆ ಬಂದ ಸೊಲ್ಲಗೆಯೇ ನಂದಾದೀವಿಗೆಯನ್ನು ಉರಿಸಿತು.

ಹೀಗೆ ಬಂದ ಧನಧಾನ್ಯವು ದೇವರ ಪೂಜೆಗೆ ಮಾತ್ರ ಸಂದಿತೆಂದು ಭಾವಿಸಬೇಡಿರಿ. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ವಿದ್ಯಾರ್ಥಿಗಳಿಗೆ, ಉಪಾಧ್ಯಾಯರಿಗೆ ಮಾತ್ರವಲ್ಲದೆ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಜೀವನದ ಏರ್ಪಾಡಿದೆ. 1162ರ ಶಾಸನವು ಬಳ್ಳಿಗಾವೆಯ ಕೋಡಿಯ ಮಠವನ್ನು ಬಣ್ಣಿಸುವಾಗ, ದೀನರಿಗೂ ಅಂಗಹೀನರಿಗೂ ಪರದೇಶಿಗಳಿಗೂ ಅನ್ನ ಸಿಗುವ ತಾಣ, ರೋಗಿಗಳಿಗೆ ಔಷಧ ಸಿಗುವ ತಾಣ, ಅಂಜಿದವರಿಗೆ ಅಭಯ ಸಿಗುವ ತಾಣ ಎನ್ನುತ್ತದೆ. ಅನ್ನ, ಔಷಧ, ವಿದ್ಯೆ, ಅಭಯ — ಹಿರಿಯರು ಚತುರ್ವಿಧ ದಾನವೆಂದು ಕರೆದದ್ದು ಇದನ್ನೇ.

ಒಮ್ಮೆ ತರಗತಿಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸರ, ನಮ್ಮ ಸಾಲಿ ನೀರಿನ ತೊಟ್ಟಿ ಮ್ಯಾಲೂ ದಾನ ಕೊಟ್ಟವರ ಹೆಸರು ಕೆತ್ಯಾರ. ಹೆಸರೈತಿ, ನೀರಿಲ್ಲ” ಎಂದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ತೊಟ್ಟಿಯನ್ನು ಕಟ್ಟಿಸಿದ ಮಹನೀಯರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ನಲ್ಲಿ ಕೆಟ್ಟಾಗ ಸರಿಪಡಿಸುವವರು ಯಾರೆಂದು ಯಾರೂ ಗೊತ್ತುಮಾಡಿರಲಿಲ್ಲ; ದಿನವೂ ಅದರ ಮುಂದೆ ಹಾದುಹೋಗುತ್ತಿದ್ದ ನಾನೂ ಕೇಳಿರಲಿಲ್ಲ.

ನಮ್ಮ ಶಾಸನಗಳು ಈ ತಪ್ಪನ್ನು ಮಾಡುತ್ತಿರಲಿಲ್ಲ. ಕೊಟ್ಟವನು ಯಾರು, ಭೂಮಿ ಎಷ್ಟು, ಅದರ ಎಲ್ಲೆ ಯಾವುದು ಎಂಬುದರ ಜೊತೆಗೆ, ಯಾರ ಕೈಗೆ ಒಪ್ಪಿಸಿತು, ಯಾರು ನಡೆಸಬೇಕು, ಎಷ್ಟು ಭಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ, ಎಂದರೆ ಒಡೆದದ್ದನ್ನೂ ಬಿರಿದದ್ದನ್ನೂ ದುರಸ್ತಿ ಮಾಡುವುದಕ್ಕೆ, ಸಲ್ಲಬೇಕು ಎಂದು ಬರೆದಿಡುತ್ತಿದ್ದರು. ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳನ್ನು ನಾವು ಲಘುವಾಗಿ ಓದಿ ಬಿಡುತ್ತೇವೆ. ಅವುಗಳಲ್ಲಿ ಒಂದರ ಅಭಿಪ್ರಾಯ ಹೀಗಿದೆ: ತಾನು ದಾನ ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟ ದಾನವನ್ನು ಕಾಪಾಡುವುದು ಮೇಲು. ಆ ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಈಚಿನ ಕಾಲಕ್ಕೆ ಬನ್ನಿರಿ. ನಿಜಾಮರ ಆಳಿಕೆಯಲ್ಲಿ ಈ ಸೀಮೆಗೆ ವಿದ್ಯೆ ದುರ್ಲಭವಾಗಿದ್ದಾಗ, 1920ರಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಶಾಲೆ ತೆರೆದರು. ಅದಕ್ಕೆ ಇಟ್ಟ ಹೆಸರು ‘ಹಮದರ್ದ್’. ನೋವಿನಲ್ಲಿ ಜೊತೆಯಾಗುವವನು ಎಂದರ್ಥ. ಹಿಂದೂಗಳೂ ಮುಸಲ್ಮಾನರೂ ಸೇರಿ ಬೆಳೆಸಿದ ಆ ಸಂಸ್ಥೆ, ಸ್ಥಾಪಕರು 1942ರಲ್ಲಿ ತೀರಿಕೊಂಡ ಮೇಲೂ ಉಳಿಯಿತು. ಏಕೆ ಉಳಿಯಿತು? ಹಿಂದೆ ನಿಂತು ಕಾಯುವವರು ಇದ್ದರು, ಆದ್ದರಿಂದ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ತರುವಾಯ ಸಿಂಧನೂರಿನ ಹೊಲಗಳು ಭತ್ತದ ಗದ್ದೆಗಳಾದುವು. ಬರದ ನಾಡಿಗೆ ಕೈತುಂಬ ಕೊಡುವ ಶಕ್ತಿ ಬಂದಿತು. ಇಂದು ಬೇಸಗೆಯಲ್ಲಿ ಬಸ್ ನಿಲ್ದಾಣದ ಬಳಿ ಅರವಟ್ಟಿಗೆ ಇಡುವವರಿದ್ದಾರೆ. ಮಕ್ಕಳ ಹುಟ್ಟುಹಬ್ಬದ ದಿನ, ಹಿರಿಯರ ಪುಣ್ಯತಿಥಿಯ ದಿನ ವೃದ್ಧಾಶ್ರಮಕ್ಕೆ ಹೋಗಿ ಒಂದು ಹೊತ್ತಿನ ಊಟ ಬಡಿಸಿ ಬರುವವರಿದ್ದಾರೆ. ಇವರು ಗಾಣಕ್ಕೆ ಸೊಲ್ಲಗೆ ಕೊಟ್ಟವರ ಮೊಮ್ಮಕ್ಕಳೇ ಸರಿ.

ಆದರೆ ವಾಚಕರೇ, ಹಬ್ಬದ ದಿನ ಮೂರು ಮನೆಯ ಹೋಳಿಗೆ ಬಂದು, ಮರುದಿನ ಅಕ್ಕಿಗೆ ಕೈ ಚಾಚುವ ಸ್ಥಿತಿ ಆಶ್ರಮದ ಮುದುಕರಿಗೆ ಬರಬಾರದು. ನೀವು ಕೊಡುವುದು ಸ್ವಲ್ಪವೇ ಆಗಲಿ, ತಿಂಗಳು ತಿಂಗಳೂ ಕೊಡಿರಿ. ಕೊಟ್ಟ ಮೇಲೆ ಒಮ್ಮೆ ಹೋಗಿ ಮಾಡು ಸೋರುತ್ತಿದೆಯೇ, ಔಷಧ ಮುಗಿದಿದೆಯೇ ಎಂದು ವಿಚಾರಿಸಿರಿ. ಅಲ್ಪನೂ ಧರ್ಮವನ್ನು ಪಡೆಯಬಲ್ಲನೆಂದು ಮಸ್ಕಿಯ ಬಂಡೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಹೇಳುತ್ತಲೇ ಇದೆ. ಕೇಳುವ ಕೆಲಸ ನಮ್ಮದು.

ನಮ್ಮ ಶಾಲೆಯ ತೊಟ್ಟಿಗೆ ಆ ವಾರವೇ ನಲ್ಲಿ ಹಾಕಿಸಿದೆವು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ಪ್ರಶ್ನೆ ಕೇಳಿದ ಹುಡುಗನಿಗೇ ವಹಿಸಿದೆ. ಅವನು ಶಾಲೆ ಬಿಡುವಾಗ ತನ್ನ ಕೆಳಗಿನ ತರಗತಿಯವನೊಬ್ಬನನ್ನು ಕರೆತಂದು, ನನ್ನ ಎದುರಿಗೇ ಆ ಕೆಲಸವನ್ನು ಒಪ್ಪಿಸಿ ಹೋದನು.